ಎಡಿಎಚ್‌ಡಿ ಗುಳಿಗೆ: ತಲೆನೋವಿನಿಂದ ಶುರುವಾದ ಕಥೆ

ಎಡಿಎಚ್‌ಡಿ ಅಂದರೆ ಮಕ್ಕಳಿಗೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ. ಅದಕ್ಕೆ ಕೊಡುವ ಗುಳಿಗೆ ಬಗ್ಗೆ 'ಮಕ್ಕಳಿಗೆ ಅಮಲಿನ ಔಷಧ ಕೊಡ್ತಾರಂತೆ' ಅನ್ನುವವರು ಒಂದು ಕಡೆ. 'ಗುಳಿಗೆ ಶುರು ಮಾಡಿದ ಮೇಲೇ ನಮ್ಮವನು ಒಂದು ಪುಟ ಪೂರ್ತಿ ಬರೆದಿದ್ದು' ಅನ್ನುವ ಅಪ್ಪ ಅಮ್ಮ ಇನ್ನೊಂದು ಕಡೆ. ಈ ಜಗಳ ತುಂಬಾ ಹಳೆಯದು.

1937. ಅಮೆರಿಕದ ರೋಡ್ ಐಲೆಂಡ್‌ನಲ್ಲಿದ್ದ ಮಕ್ಕಳ ಮಾನಸಿಕ ಆಸ್ಪತ್ರೆ. ಆಗ ಮಿದುಳಿನ ಎಕ್ಸ್‌ರೇಗಾಗಿ ಬೆನ್ನುಹುರಿಯ ಸುತ್ತಲಿನ ದ್ರವ ಬಸಿಯುತ್ತಿದ್ದರು. ಆಮೇಲೆ ಮಕ್ಕಳಿಗೆ ವಿಪರೀತ ತಲೆನೋವು. ಅದಕ್ಕೆಂದು ಡಾಕ್ಟರ್ ಚಾರ್ಲ್ಸ್ ಬ್ರಾಡ್ಲಿ ಬೆಂಜಡ್ರಿನ್ ಎಂಬ ಆಂಫೆಟಮಿನ್ (ಮಿದುಳನ್ನು ಚುರುಕುಗೊಳಿಸುವ ಔಷಧ) ಕೊಟ್ಟು ನೋಡಿದರು. ತಲೆನೋವು ಅಷ್ಟೇನೂ ಕಡಿಮೆಯಾಗಲಿಲ್ಲ. ಆದರೆ ಕೂತಲ್ಲಿ ಕೂರದ ಮಕ್ಕಳು ತರಗತಿಯಲ್ಲಿ ಲೆಕ್ಕ ಮಾಡತೊಡಗಿದರು! ಒಂದು ವಾರ ಗುಳಿಗೆ ನುಂಗಿದ 30 ಮಕ್ಕಳಲ್ಲಿ 14 ಮಂದಿಯ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಮಕ್ಕಳೇ ಅದನ್ನು 'ಲೆಕ್ಕದ ಗುಳಿಗೆ' ಅಂತ ಕರೆದರು. ನಿಲ್ಲಿಸಿದ ಕೂಡಲೇ ಎಲ್ಲ ಮೊದಲಿನಂತೆ. ಈ ಕೊನೆಯ ಸಂಗತಿ ಮುಂದೆ ಯಾರಿಗೂ ಅಷ್ಟಾಗಿ ನೆನಪಿರಲಿಲ್ಲ, ಬಿಡಿ.

1944ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಇಂಥದ್ದೇ ಇನ್ನೊಂದು ಔಷಧ ಮೀಥೈಲ್‌ಫೆನಿಡೇಟ್ ಹುಟ್ಟಿತು. ಕಂಡುಹಿಡಿದವರ ಹೆಂಡತಿ ರೀಟಾ ಹೆಸರಲ್ಲಿ ಅದು ರಿಟಾಲಿನ್ ಆಯಿತು. 1970ರಲ್ಲಿ ಅಮೆರಿಕದ ಒಮಾಹಾ ನಗರದ ಶಾಲಾಮಕ್ಕಳಿಗೆ ಇಂಥ ಔಷಧ ಕೊಡುತ್ತಿರುವ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ಗಲಾಟೆ ಎಬ್ಬಿಸಿತು. ಮರುವರ್ಷವೇ ಅಲ್ಲಿ ಔಷಧಕ್ಕೆ ಬಿಗಿ ನಿಯಂತ್ರಣ ಬಂತು. ಎಡಿಎಚ್‌ಡಿ ಅನ್ನುವ ಹೆಸರು 1987ರದ್ದು. ತೊಂಬತ್ತರ ದಶಕದಲ್ಲಿ ಮಾರಾಟ ಜೋರಾಯಿತು.

1999ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. 579 ಮಕ್ಕಳು, ಬೇರೆ ಬೇರೆ ಚಿಕಿತ್ಸೆಯ ಗುಂಪುಗಳು, 14 ತಿಂಗಳು. ವರ್ತನೆ ತಿದ್ದುವ ತರಬೇತಿಗಿಂತ ಔಷಧವೇ ಮೇಲು ಅನ್ನುವುದಷ್ಟೇ ಎಲ್ಲರ ಕಿವಿಗೆ ಬಿತ್ತು. ಅದೇ ಅಧ್ಯಯನದಲ್ಲಿ ಹೊರಗಿನ ಡಾಕ್ಟರ್ ಹತ್ತಿರ ತೋರಿಸಿಕೊಂಡ ಮಕ್ಕಳಲ್ಲೂ ಹೆಚ್ಚಿನವರು ಔಷಧ ತೆಗೆದುಕೊಳ್ಳುತ್ತಿದ್ದರು, ಆದರೂ ಅವರಿಗೆ ಅಷ್ಟು ಗುಣ ಕಾಣಲಿಲ್ಲ. ಅಧ್ಯಯನದ ಡಾಕ್ಟರುಗಳು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಮಾತಾಡುತ್ತಿದ್ದರು, ಟೀಚರ್ ಹೇಳಿದ್ದನ್ನೂ ಕೇಳಿ ಡೋಸ್ ಸರಿಮಾಡುತ್ತಿದ್ದರು. ಹೊರಗೆ ಅಷ್ಟು ಪುರುಸೊತ್ತು ಎಲ್ಲಿ? ಮೂರನೇ ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸವೂ ಉಳಿಯಲಿಲ್ಲ.

ಹಾಗಂತ ಗುಳಿಗೆ ಸುಮ್ನೆ ಅಲ್ಲ. ಹಸಿವು, ನಿದ್ದೆ ಕೆಡಬಹುದು, ಆದರೂ ತುಂಬಾ ಮಕ್ಕಳಿಗೆ ಅದು ಕೆಲಸ ಮಾಡುತ್ತದೆ. ನಮ್ಮಲ್ಲಿ ಮೀಥೈಲ್‌ಫೆನಿಡೇಟ್ 1985ರ ಎನ್‌ಡಿಪಿಎಸ್ ಕಾಯ್ದೆಯಡಿ (ಮಾದಕ ವಸ್ತು ನಿಯಂತ್ರಣ ಕಾಯ್ದೆ) ಬರುತ್ತದೆ, ಹಾಗಾಗಿ ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ. ಚೀಟಿ ಹಿಡಿದು ಅಂಗಡಿ ಅಂಗಡಿ ಅಲೆಯುವ ಪೋಷಕರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ, ಆದರೆ ದೂರದೂರಿನಿಂದ ಪದೇ ಪದೇ ಬೆಂಗಳೂರಿಗೆ ಬರುವುದು ಸುಲಭವಲ್ಲ. ಎಡಿಎಚ್‌ಡಿ ಇದೆಯೇ ಎಂದು ನೋಡಲು, ಮಗು 'ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ', 'ಪೆನ್ಸಿಲ್, ಪುಸ್ತಕ ಕಳೆಯುತ್ತದೆ' ಅಂತ ಟಿಕ್ ಹಾಕುವ ಫಾರಂ ಶಾಲೆಗೂ ಬರುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ ಟೀಚರ್ ಅದನ್ನು ಊಟದ ಬಿಡುವಿನಲ್ಲಿ ತುಂಬಬೇಕು.