ಕಣ್ಣು ಅಲ್ಲಿ, ಬೆರಳು ಇಲ್ಲಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಗೊತ್ತೇ ಇರುತ್ತದೆ. ನಾವೆಲ್ಲ ಎಂಸಿಎಫ್ ಅಂತಲೇ ಕರೆಯುವುದು. 1982ರಿಂದ ಇಲ್ಲಿ ಕೂತು ದೇಶದ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಅವು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಅಲ್ಲಿಗೆ ಹೋಗಿ ಬರಲು 0.24 ಸೆಕೆಂಡ್ ಬೇಕು. ಉಪಗ್ರಹಕ್ಕೆ ಈ ತಡ ಒಂದು ಲೆಕ್ಕವೇ ಅಲ್ಲ. ಇಷ್ಟೇ ತಡ ನನ್ನ ಡ್ರೋನಿಗೆ ಆದರೆ ಅದು ಹೋಗಿ ಮರಕ್ಕೆ ಬಡಿಯುತ್ತದೆ.

ನಾನು ಕಟ್ಟಿ ಹಾರಿಸುವುದು ಎಫ್‌ಪಿವಿ ಡ್ರೋನ್. ಮದುವೆ ಮನೆಯಲ್ಲಿ ವಿಡಿಯೋ ತೆಗೆಯುವ ಡ್ರೋನ್ ಬೇರೆ, ಇದು ಬೇರೆ. ಅದು ಜಿಪಿಎಸ್ ಹಿಡಿದು ಗಾಳಿಯಲ್ಲಿ ತಾನಾಗಿ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ಪ್ರತಿ ಕ್ಷಣವೂ ನಾವೇ ಹಾರಿಸಬೇಕು. ಇದರ ಮೂತಿಯಲ್ಲಿ ಒಂದು ಕ್ಯಾಮೆರಾ ಇದೆ. ಅದಕ್ಕೆ ಕಂಡದ್ದು ನಾನು ಹಾಕಿಕೊಂಡ ಗಾಗಲ್ಸ್ ಒಳಗೆ ಕಾಣುತ್ತದೆ. ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ, ಅನ್ನುವುದು ಇದಕ್ಕೇ. ಕೂತಿರುವುದು ಅಕ್ಕನ ಮನೆಯ ಕಾಫಿ ಕಣದ ಅಂಚಿನಲ್ಲಿ, ನೋಡುತ್ತಿರುವುದು ಸಿಲ್ವರ್ ಮರದ ತುದಿಯಿಂದ. ಮೊದಲ ಸಲ ಹಾಗೆ ಸಕಲೇಶಪುರದ ಆ ತೋಟವನ್ನು ಮೇಲಿನಿಂದ ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ಮಾರ್ಚ್ ತಿಂಗಳು, ಹೂ ಮಳೆ ಆಗಿ ಎಂಟು ದಿನ. ಗಿಡಗಳ ಮೇಲೆಲ್ಲ ಬಿಳಿ ಹೂವು.

ಕಣ್ಣಿಗೆ ಕಂಡದ್ದಕ್ಕೂ ಬೆರಳು ಹೇಳಿದ್ದು ನಡೆಯುವುದಕ್ಕೂ ನಡುವೆ ಎಷ್ಟು ತಡ? ಡ್ರೋನ್ ಕಟ್ಟುವಾಗ, ಭಾಗ ಬದಲಿಸುವಾಗ ನಾನು ಕೇಳಿಕೊಳ್ಳುವುದು ಇದೊಂದೇ ಪ್ರಶ್ನೆ.

ಒಂದು ಲೆಕ್ಕ ನೋಡಿ. 5 ಇಂಚಿನ ರೆಕ್ಕೆಯ (ಪ್ರೊಪೆಲ್ಲರ್) ಡ್ರೋನ್ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಸುಲಭವಾಗಿ ಮುಟ್ಟುತ್ತದೆ. ಅಂದರೆ ಸೆಕೆಂಡಿಗೆ 28 ಮೀಟರ್. ಚಿತ್ರ 0.03 ಸೆಕೆಂಡ್ ತಡವಾಗಿ ಬಂದರೆ ಡ್ರೋನ್ ಆಗಲೇ 80 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಇದನ್ನು ಕೈ ಅಭ್ಯಾಸ ಮಾಡಿಕೊಳ್ಳುತ್ತದೆ. 0.24 ಸೆಕೆಂಡ್ ಆದರೆ ಹತ್ತಿರ ಹತ್ತಿರ 7 ಮೀಟರ್. ನಮ್ಮ ತೋಟದಲ್ಲಿ ಎರಡು ಸಿಲ್ವರ್ ಮರಗಳ ನಡುವೆ ಅಷ್ಟು ಜಾಗವೇ ಇಲ್ಲ.

ಈ ತಡ ಗಾಳಿಯಲ್ಲಿ ಆಗುವುದಲ್ಲ. ಡ್ರೋನ್ ಅರ್ಧ ಕಿಲೋಮೀಟರ್ ದೂರ ಇದ್ದರೂ ಅಲೆ ಬಂದು ಸೇರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು ಸಾಕು. ತಡ ಆಗುವುದು ಕ್ಯಾಮೆರಾದಲ್ಲಿ, ಪರದೆಯಲ್ಲಿ. ಹಳೆಯ ಅನಲಾಗ್ ಕ್ಯಾಮೆರಾ ಚಿತ್ರವನ್ನು ಗೆರೆ ಗೆರೆಯಾಗಿ ಓದುತ್ತದೆ, ಓದಿದ ಗೆರೆಯನ್ನು ಆಗಲೇ ಕಳಿಸಿಬಿಡುತ್ತದೆ. ಇಡೀ ಚಿತ್ರ ಮುಗಿಯಲಿ ಅಂತ ಕಾಯುವುದಿಲ್ಲ. ಅದಕ್ಕೇ ಚಿತ್ರ ಮಸುಕಾದರೂ ಬೇಗ ಬರುತ್ತದೆ. ಡಿಜಿಟಲ್‌ನಲ್ಲಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡಬೇಕು, ಕಳಿಸಬೇಕು, ಈ ಕಡೆ ಮತ್ತೆ ಬಿಡಿಸಬೇಕು. ಚಿತ್ರ ತುಂಬಾ ಚೆನ್ನಾಗಿರುತ್ತದೆ. ಆದರೆ ಸಿಗ್ನಲ್ ಕೈಕೊಟ್ಟಾಗ ಅನಲಾಗ್ ಚಿತ್ರದಲ್ಲಿ ಮೊದಲು ಚುಕ್ಕಿಗಳು ಬಂದು ಎಚ್ಚರಿಸುತ್ತವೆ, ಡಿಜಿಟಲ್ ಚಿತ್ರ ಥಟ್ಟನೆ ನಿಂತುಬಿಡಬಹುದು. ಹೊಸಬರಿಗೆ ನಾನು ಇವತ್ತಿಗೂ ಅನಲಾಗ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ಖರ್ಚೂ ಕಡಿಮೆ.

ಇನ್ನೊಂದು ತಡ ನಮ್ಮೊಳಗೇ ಇದೆ. ಕಣ್ಣು ಕಂಡು ಬೆರಳು ಅಲ್ಲಾಡಲು ನಮಗೆ 0.2 ಸೆಕೆಂಡ್ ಹಿಡಿಯುತ್ತದೆ. ಶಿರಾಡಿ ಘಾಟಿಯಲ್ಲಿ ಬೈಕ್ ಓಡಿಸುವವರು ಮುಂದಿನ ತಿರುವನ್ನು ಮೊದಲೇ ನೋಡಿಕೊಂಡು ವಾಲುತ್ತಾರೆ ಅಲ್ವಾ, ಹಾಗೆ ದಾರಿಯನ್ನು ಮೊದಲೇ ಊಹಿಸಿ ಇದನ್ನು ಗೆಲ್ಲಬಹುದು. ಗಾಳಿಯ ಹೊಡೆತವನ್ನು ಮಾತ್ರ ಊಹಿಸಲು ಆಗುವುದಿಲ್ಲ. ಆ ಕೆಲಸ ಡ್ರೋನ್ ಒಳಗಿನ ಪುಟ್ಟ ಕಂಪ್ಯೂಟರ್ ಬೋರ್ಡ್, ಅಂದರೆ ಫ್ಲೈಟ್ ಕಂಟ್ರೋಲರ್‌ದು. ಅದರ ಮೇಲೆ ತೊಗರಿಬೇಳೆಯಷ್ಟು ದೊಡ್ಡ ಒಂದು ಚಿಪ್ ಕೂತಿರುತ್ತದೆ. ಅದೇ ಜೈರೋ. ಅದರ ಒಳಗೆ ಸಿಲಿಕಾನಿನ ಪುಟ್ಟ ತುಣುಕುಗಳು ಸದಾ ನಡುಗುತ್ತಿರುತ್ತವೆ. ಡ್ರೋನ್ ತಿರುಗಿದರೆ ಅವು ಪಕ್ಕಕ್ಕೆ ಸರಿಯುತ್ತವೆ. ಆ ಸರಿತ ಎಷ್ಟು ಅಂತ ಸೆಕೆಂಡಿಗೆ 8,000 ಸಲದವರೆಗೂ ಅಳೆಯಬಹುದು.

ಅಳೆದ ಮೇಲೆ ಕಂಟ್ರೋಲರ್ ಮೂರು ವಿಷಯ ನೋಡುತ್ತದೆ. ಈಗ ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಬೇಗ ಸರಿಹೋಗುತ್ತಿದೆ. ತುಂಬಿದ ಕೊಡ ಹೊತ್ತು ನಡೆಯುವವರ ಸೊಂಟ, ಕುತ್ತಿಗೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಕಂಟ್ರೋಲರ್ ಮಾಡುವ ಈ ಮೂರರ ಲೆಕ್ಕವನ್ನು ಪಿಐಡಿ ಅನ್ನುತ್ತಾರೆ. ಕಂಟ್ರೋಲರ್ ಒಳಗೆ ಹೆಚ್ಚಿನವರು ಬಳಸುವ ಬೀಟಾಫ್ಲೈಟ್ ತಂತ್ರಾಂಶ ಪೂರ್ತಿ ಮುಕ್ತ. ಯಾರು ಬೇಕಾದರೂ ಅದರ ಕೋಡ್ ತೆರೆದು ಓದಬಹುದು. ಇಷ್ಟು ಒಳ್ಳೆಯ ಕೆಲಸವನ್ನು ಜನ ಸುಮ್ನೆ ಹಂಚಿಕೊಂಡಿದ್ದಾರಲ್ಲ, ನನಗೆ ಅದು ಬಹಳ ದೊಡ್ಡ ವಿಷಯ.

ಜೈರೋಗೆ ಒಂದು ಕಷ್ಟ ಇದೆ. ಅದಕ್ಕೆ ಡ್ರೋನ್ ತಿರುಗುವುದೂ ಗೊತ್ತಾಗುತ್ತದೆ, ಮೋಟರ್ ನಡುಗುವುದೂ ಗೊತ್ತಾಗುತ್ತದೆ. ಮೋಟರ್ ನಿಮಿಷಕ್ಕೆ 15,000 ಸುತ್ತು ಸುತ್ತಿದರೆ ಸೆಕೆಂಡಿಗೆ 250 ನಡುಕ. ಅದನ್ನು ಸೋಸಲು ಫಿಲ್ಟರ್ ಹಾಕಬೇಕು. ಫಿಲ್ಟರ್ ಜಾಸ್ತಿ ಆದಷ್ಟೂ ತಡ ಜಾಸ್ತಿ, ಡ್ರೋನ್ ಮಂದ ಆಗುತ್ತದೆ. ಮೋಟರಿಗೆ ಕರೆಂಟ್ ಕೊಟ್ಟು ಅದರ ವೇಗ ನಿಯಂತ್ರಿಸುವ ಸರ್ಕ್ಯೂಟಿಗೆ ಇಎಸ್‌ಸಿ ಅನ್ನುತ್ತಾರೆ. ಈಗಿನ ಇಎಸ್‌ಸಿಗಳು ಪ್ರತಿ ಮೋಟರಿನ ವೇಗವನ್ನು ಕಂಟ್ರೋಲರ್‌ಗೆ ಹೇಳುತ್ತಿರುತ್ತವೆ. ಆಗ ಆ ಒಂದು ನಡುಕವನ್ನಷ್ಟೇ ಹುಡುಕಿ ತೆಗೆಯಬಹುದು, ಉಳಿದದ್ದನ್ನು ಮುಟ್ಟಬೇಕಾಗಿಲ್ಲ.

ಅಪ್‌ಗ್ರೇಡ್ ಅಂದ ಕೂಡಲೇ ದುಬಾರಿ ಮೋಟರ್ ಕೊಳ್ಳಲು ಹೋಗುವುದು ಬೇಡ ಅಂತ ನಾನು ಹೇಳುವುದು ಇದಕ್ಕೇ. ಹೊಸ ಪ್ರೊಪೆಲ್ಲರ್ ಹಾಕಿ, ಸಡಿಲ ಆದ ಸ್ಕ್ರೂ ಬಿಗಿ ಮಾಡಿ. ನನ್ನ ಮೊದಲ ಡ್ರೋನಿನಲ್ಲಿ ಥ್ರಾಟಲ್ ಏರಿಸಿದಾಗೆಲ್ಲ ಚಿತ್ರದ ಮೇಲೆ ಅಡ್ಡ ಗೆರೆ ಓಡುತ್ತಿತ್ತು. ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಬ್ಯಾಟರಿ ವೈರ್ ಹತ್ತಿರ 35 ವೋಲ್ಟಿನ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆದೆ. ಗೆರೆ ಮಾಯ. ಮೋಟರ್‌ಗಳು ವೇಗ ಏರಿಸಿ ಇಳಿಸುವಾಗ ವೋಲ್ಟೇಜ್ ಕುಣಿಯುತ್ತದೆ, ಕೆಪಾಸಿಟರ್ ಅದನ್ನು ನುಂಗಿಕೊಳ್ಳುತ್ತದೆ.

ಬ್ಯಾಟರಿಯ ಬಗ್ಗೆ ಮಾತ್ರ ಭಯ ಇರಲೇಬೇಕು. ನಾಲ್ಕು ಸೆಲ್ಲಿನ 1500 ಎಂಎಎಚ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಇರುವುದು 22 ವ್ಯಾಟ್-ಗಂಟೆ. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಸುಮಾರು ಎರಡೂವರೆ ಗಂಟೆ ಉರಿಸುವಷ್ಟು. ಡ್ರೋನ್ ಅದನ್ನು ನಾಲ್ಕೈದು ನಿಮಿಷದಲ್ಲಿ ಮುಗಿಸುತ್ತದೆ. ಅಷ್ಟು ಬೇಗ ಕೊಡಬಲ್ಲ ಬ್ಯಾಟರಿ ಶಾರ್ಟ್ ಆದರೆ ಬೆಂಕಿ ಗ್ಯಾರಂಟಿ ಅಂದುಕೊಂಡೇ ಕೆಲಸ ಮಾಡಬೇಕು.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ರಜೆಯಲ್ಲಿ ಅವನು ತನ್ನ ಮೊದಲ ಡ್ರೋನ್ ಕಟ್ಟಿದ. ಬೆಸುಗೆ ಎಲ್ಲ ಮುಗಿಸಿ, "ಮಾವ, ಬ್ಯಾಟರಿ ಹಾಕ್ಲಾ?" ಅಂದ. ತಡಿ ಅಂದೆ. ಬೈಕ್ ಸ್ಪೇರ್ಸ್ ಅಂಗಡಿಯಿಂದ ತಂದ 12 ವೋಲ್ಟಿನ, 21 ವ್ಯಾಟಿನ ಬಲ್ಬ್ ನನ್ನ ಹತ್ತಿರ ಇತ್ತು. ಅದನ್ನು ಪ್ಲಸ್ ವೈರಿನ ನಡುವೆ ಸೀರೀಸ್‌ನಲ್ಲಿ ಸೇರಿಸಿದೆವು. ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ಇದೆಯಲ್ಲ, ಅದೇ ಉಪಾಯ. ಎಲ್ಲ ಸರಿ ಇದ್ದರೆ ಬಲ್ಬ್ ಒಮ್ಮೆ ಮಿಣುಕಿ ಆರುತ್ತದೆ. ಕೆಪಾಸಿಟರ್ ತುಂಬುವ ಹೊತ್ತಷ್ಟೇ ಅದು. ನಮ್ಮದು ಆರಲಿಲ್ಲ. ಪೂರ್ತಿ ಹೊತ್ತಿಕೊಂಡು ಉರಿಯಿತು. ಕಿತ್ತು, ಲೆನ್ಸ್ ಹಿಡಿದು ನೋಡಿದರೆ ಪ್ಲಸ್ ಪ್ಯಾಡಿನಿಂದ ಮೈನಸ್ ಕಡೆಗೆ ಕೂದಲಿನಷ್ಟು ತೆಳುವಾದ ಬೆಸುಗೆಯ ಎಳೆ. ಸೋಲ್ಡರಿಂಗ್ ಐರನ್ ಮುಟ್ಟಿಸಿ ಎಳೆದ. ಮತ್ತೆ ಹಾಕಿದಾಗ ಬಲ್ಬ್ ಮಿಣುಕಿ ಆರಿತು, ನಾಲ್ಕೂ ಮೋಟರ್ ಒಟ್ಟಿಗೆ ಟಿಂಗ್ ಟಿಂಗ್ ಅಂದವು. ಹುಡುಗನ ಮುಖ ನೋಡಬೇಕಿತ್ತು.

ನಮ್ಮ ಕಡೆಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹಾಸನ, ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿವೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ಆರನೇ ಒಂದು ಪಾಲು ಕಡಿಮೆ. ರೆಕ್ಕೆ ತಳ್ಳುವುದೇ ಗಾಳಿಯನ್ನು. ಗಾಳಿ ತೆಳುವಾದರೆ ಅದೇ ತೂಕ ಎತ್ತಲು ಇನ್ನೂ ಜೋರಾಗಿ ಸುತ್ತಬೇಕು. ಮಂಗಳೂರಿನಲ್ಲಿ ಹಾರಿಸುವವರ ಸೆಟ್ಟಿಂಗ್ ಇಲ್ಲಿಗೆ ಹಾಗೇ ಕೂರುವುದಿಲ್ಲ.

ಗಾಗಲ್ಸ್ ಹಾಕಿದರೆ ಸುತ್ತಮುತ್ತ ಏನೂ ಕಾಣುವುದಿಲ್ಲ. ಆನೆ ಓಡಾಡುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಇನ್ನೊಬ್ಬರು ಇರಲೇಬೇಕು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಒಮ್ಮೆ, "ಆ ಅತ್ತಿ ಮರದ ಕಡೆ ಬಿಡ್ಬೇಡಿ ಸಾರ್, ಹೆಜ್ಜೇನು ಕಟ್ಟಿದೆ" ಅಂದರು. ಅವತ್ತು ಅವರು ಹೇಳದಿದ್ದರೆ ಕಾಫಿ ಕುಯ್ಯುವವರ ಮೇಲೆ ಹುಳ ಏಳುತ್ತಿತ್ತು. ಇನ್ನು 2021ರ ಡ್ರೋನ್ ನಿಯಮಗಳಿವೆ. 250 ಗ್ರಾಂ ಒಳಗಿನದು ನ್ಯಾನೋ, 2 ಕಿಲೋವರೆಗೆ ಮೈಕ್ರೋ. ನನ್ನದು 650 ಗ್ರಾಂ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ಇದೆಯಾ ನೋಡಿಕೊಳ್ಳಿ. ಹಸಿರಿದ್ದರೂ 120 ಮೀಟರ್ ದಾಟಬೇಡಿ. ಎಂಸಿಎಫ್ ಹತ್ತಿರ, ಭದ್ರಾ ಅಭಯಾರಣ್ಯದಲ್ಲಿ ಹಾರಿಸುವ ಯೋಚನೆಯೇ ಬೇಡ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಡ್ರೋನ್ ತೋಟದಲ್ಲಿ ಕಳೆದುಹೋಯಿತು. ಚಿತ್ರ ಬರುವುದು 5.8 ಗಿಗಾಹರ್ಟ್ಸ್ ಅಲೆಯಲ್ಲಿ. ಆ ಅಲೆಯ ಉದ್ದ 5 ಸೆಂಟಿಮೀಟರ್. ನೀರು ತುಂಬಿದ ಎಲೆ ಅದನ್ನು ಚೆನ್ನಾಗಿ ಹೀರುತ್ತದೆ. ಸಿಲ್ವರ್ ಮರ, ಅದಕ್ಕೆ ತಬ್ಬಿದ ಮೆಣಸಿನ ಬಳ್ಳಿ, ಮೇಲೆ ಆಗಷ್ಟೇ ಬಿದ್ದ ಮಳೆ. ಅಂಥ ಸಾಲಿನ ಹಿಂದೆ ಇಳಿದ ಕೂಡಲೇ ಪರದೆ ತುಂಬ ಚುಕ್ಕಿ. ರಿಮೋಟಿನ 2.4 ಗಿಗಾಹರ್ಟ್ಸ್ ಸಿಗ್ನಲ್ ಇನ್ನೂ ಗಟ್ಟಿಯಾಗಿತ್ತು, ಆದರೆ ಕಣ್ಣೇ ಹೋಗಿತ್ತು. ಮೋಟರ್ ಆಫ್ ಮಾಡಿದೆ.

ಹುಡುಕಲು ಉಳಿದದ್ದು ಸದ್ದು ಮಾತ್ರ. ರಿಮೋಟಿನಲ್ಲಿ ಒಂದು ಸ್ವಿಚ್ ಒತ್ತಿದರೆ ಇಎಸ್‌ಸಿ ಮೋಟರಿನ ಸುರುಳಿಗೆ ಸಣ್ಣ ಸಣ್ಣ ಕರೆಂಟ್ ಕೊಟ್ಟು ಅದನ್ನೇ ಪೀಂ ಪೀಂ ಅನ್ನಿಸುತ್ತದೆ. ಜೀರುಂಡೆಗಳ ಗಲಾಟೆಯ ನಡುವೆ ನನಗೆ ಅದು ಕೇಳಲಿಲ್ಲ. ರೈಟರಿಗೆ ಕೇಳಿತು. ನೇರ ನಡೆದು ಹೋಗಿ ರೊಬಸ್ಟಾ ಗಿಡದ ಒಳಗಿಂದ ತೆಗೆದುಕೊಟ್ಟರು. ಒಂದು ಪ್ರೊಪೆಲ್ಲರ್ ಮುರಿದಿತ್ತು, ಆಂಟೆನಾ ಬಗ್ಗಿತ್ತು, ಅಷ್ಟೇ.

ಆಮೇಲೆ ಕೂರುವ ಜಾಗ ಬದಲಾಯಿಸಿದೆ. ಈಗ ಕಣದ ಅಂಚಿನಲ್ಲಿ ಅಲ್ಲ, ಗೋಡೌನಿನ ತಾರಸಿ ಮೇಲೆ, ನಾಲ್ಕು ಮೀಟರ್ ಎತ್ತರದಲ್ಲಿ ಕೂರುತ್ತೇನೆ. ನನ್ನ ಆಂಟೆನಾಕ್ಕೂ ಡ್ರೋನಿಗೂ ನಡುವೆ ಈಗ ಮೆಣಸಿನ ಬಳ್ಳಿ ಬರುವುದು ಕಡಿಮೆ. ಹೋದ ಭಾನುವಾರ ಅದೇ ಮರದ ಸಾಲಿನ ಹಿಂದೆ ಎರಡು ಸಲ ಇಳಿದು ಬಂದೆ. ಒಂದು ಚುಕ್ಕಿಯೂ ಬರಲಿಲ್ಲ.