72 ಜನಕ್ಕೂ ಒಂದು ಆಡಳಿತ: ಸಸ್ಕ್ಯಾಚೆವಾನ್‌ನ ಆರ್‌ಎಂಗಳು ಯಾಕೆ ಒಂದಾಗುವುದಿಲ್ಲ?

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ದಕ್ಷಿಣದಲ್ಲಿ, ಅಮೆರಿಕದ ಗಡಿಗೆ ಹತ್ತಿರ, ಗ್ಲೆನ್ ಮೆಕ್‌ಫರ್ಸನ್ ನಂ. 46 ಎಂಬ ರೂರಲ್ ಮುನಿಸಿಪಾಲಿಟಿ ಇದೆ. ವಿಸ್ತೀರ್ಣ 800 ಚದರ ಕಿಲೋಮೀಟರಿಗೂ ಜಾಸ್ತಿ. 2016ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಜನ 72. ಅಷ್ಟು ಜನಕ್ಕೂ ಒಂದು ಚುನಾಯಿತ ಮಂಡಳಿ ಇದೆ. ಅದಕ್ಕೊಬ್ಬ ಮುಖ್ಯಸ್ಥ ಇರುತ್ತಾನೆ, ರೀವ್ ಅಂತ. ತೆರಿಗೆ ಹಾಕುವುದು, ಬಜೆಟ್ ಮಾಡುವುದು, ಜಲ್ಲಿ ರಸ್ತೆ ಸಮ ಮಾಡಿಸುವುದು ಎಲ್ಲ ಇವರದೇ ಕೆಲಸ.

ಅಲ್ಲಿನವರು ಇವನ್ನು ಆರ್‌ಎಂ ಅನ್ನುತ್ತಾರೆ. ಪ್ರಾಂತ್ಯದಲ್ಲಿ ಇಂಥವು 296 ಇವೆ. ನಾಲ್ಕಾರು ಸೇರಿಸಿ ಒಂದು ಮಾಡಿದರೆ ಖರ್ಚು ಉಳಿಯುವುದಿಲ್ಲವೇ ಅನ್ನುವ ಪ್ರಶ್ನೆಗೆ ಅರವತ್ತು ವರ್ಷ ದಾಟಿದೆ. ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: ಬೇಡ. ಇದು ಬರೀ ಹಟ ಅಂತ ಹೊರಗಿನವರಿಗೆ ಅನಿಸುವುದು ಸಹಜ. ಆದರೆ ಹಿಂದಕ್ಕೆ ಹೋಗಿ ನೋಡಿದರೆ ಸಂಗತಿ ಅಷ್ಟು ಸುಲಭವಿಲ್ಲ.

1870ರಲ್ಲಿ ಹಡ್ಸನ್ಸ್ ಬೇ ಕಂಪನಿ ಎಂಬ ಬ್ರಿಟಿಷ್ ವ್ಯಾಪಾರಿ ಸಂಸ್ಥೆಯ ಹಿಡಿತದಲ್ಲಿದ್ದ ಈ ನೆಲ ಕೆನಡಾಕ್ಕೆ ಬಂತು. 1874ರಲ್ಲಿ ಕ್ರೀ, ಸೋಲ್ಟೋ, ಅಸಿನಿಬಾಯ್ನ್ ಎಂಬ ಮೂಲನಿವಾಸಿ ಜನರ ಜೊತೆ ನೆಲದ ಬಗ್ಗೆ "ನಾಲ್ಕನೇ ಒಪ್ಪಂದ" ಆಯಿತು. ಆ ದಶಕ ಮುಗಿಯುವ ಹೊತ್ತಿಗೆ ಅವರ ಆಹಾರವಾಗಿದ್ದ ಕಾಡೆಮ್ಮೆಗಳ ಹಿಂಡುಗಳೂ ಇಲ್ಲವಾದವು. ಹಸಿದ ಜನರನ್ನು ಮೀಸಲು ಜಾಗಗಳಿಗೆ ತಳ್ಳಿದರು. ಮುಂದೆ ವಲಸೆಗಾರರಿಗೆ "ಖಾಲಿ ನೆಲ" ಅಂತ ತೋರಿಸಿದ್ದು ಹೀಗೆ ಖಾಲಿ ಮಾಡಿಸಿದ ನೆಲ.

ಅಷ್ಟರಲ್ಲಿ ಸರ್ವೆಯವರು ಇಡೀ ಬಯಲಿಗೆ ಚೌಕ ಎಳೆಯುತ್ತಾ ಹೊರಟಿದ್ದರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ್ದು ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ 640 ಎಕರೆ. ಅದರ ಕಾಲು ಭಾಗ, 160 ಎಕರೆ, ಒಬ್ಬ ರೈತನಿಗೆ. 1872ರ ಕಾನೂನಿನ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಮೂರು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ಅವನದು. ಹಳ್ಳ, ದಿಬ್ಬ, ಮಣ್ಣಿನ ಗುಣ ಯಾವುದನ್ನೂ ಈ ಚೌಕಗಳು ಕೇಳಲಿಲ್ಲ. ಕೇಳಿದ್ದು ಭೂಮಿಯ ಗುಂಡಗಿನ ಆಕಾರ ಮಾತ್ರ! ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವಲ್ಲ, ಅದನ್ನು ಸರಿದೂಗಿಸಲು 24 ಮೈಲಿಗೊಮ್ಮೆ ಗೆರೆ ಸ್ವಲ್ಪ ಪಕ್ಕಕ್ಕೆ ಸರಿಸಿದರು. ಬಾಣದ ಹಾಗೆ ಹೋಗುವ ರಸ್ತೆ ಅಲ್ಲಿ ಇದ್ದಕ್ಕಿದ್ದಂತೆ ಸೊಟ್ಟ ತಿರುಗುವುದು ಅದಕ್ಕೇ.

ಶುರುವಿನಲ್ಲಿ ಜನರಿಗೆ ಬೇಕಿದ್ದದ್ದು ಎರಡು: ರಸ್ತೆ, ಮತ್ತು ಹುಲ್ಲುಗಾವಲಿನ ಬೆಂಕಿಯಿಂದ ರಕ್ಷಣೆ. ಅದಕ್ಕಾಗಿ ಸಣ್ಣ ಸ್ಥಳೀಯ ಸಮಿತಿಗಳಾದವು. 1905ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯವಾಯಿತು. 1909ರಲ್ಲಿ ಆರ್‌ಎಂ ಕಾನೂನು ಬಂತು. ಸಾಮಾನ್ಯವಾಗಿ ಒಂಬತ್ತು ಟೌನ್‌ಶಿಪ್ ಸೇರಿಸಿ, ಹದಿನೆಂಟು ಮೈಲಿ ಉದ್ದಗಲಕ್ಕೆ ಒಂದೊಂದು ಆರ್‌ಎಂ ಮಾಡಿದರು. ಆಗ್ನೇಯ ಮೂಲೆಯಿಂದ ನಂಬರ್ ಹಾಕುತ್ತಾ ಬಂದರು. ಇಲ್ಲಿ ಗಮನಿಸಬೇಕಾದದ್ದು, ಆಗ ಎಣಿಸಿದ್ದು ನೆಲವನ್ನು, ತಲೆಗಳನ್ನಲ್ಲ.

ಈ ಸೀಮೆ ಬೇಸಾಯಕ್ಕೆ ಆಗುವುದಿಲ್ಲ, ತೀರಾ ಒಣ ಅಂತ ಅನ್ವೇಷಕ ಜಾನ್ ಪ್ಯಾಲಿಸರ್ ತಂಡ 1857ರಿಂದ 1860ರವರೆಗೆ ತಿರುಗಾಡಿ ಹೇಳಿತ್ತು. ಯಾರು ಕೇಳಬೇಕು? ಮಳೆ ಬಂದ ವರ್ಷಗಳಲ್ಲಿ ಆ ಮಾತು ಮರೆತೇ ಹೋಯಿತು. 1936ರ ಹೊತ್ತಿಗೆ ಪ್ರಾಂತ್ಯದಲ್ಲಿ 1,42,000ಕ್ಕೂ ಹೆಚ್ಚು ಹೊಲಮನೆಗಳಿದ್ದವು. ಆದರೆ ಅದು ಬರಗಾಲದ ದಶಕ. ಮಣ್ಣು ಗಾಳಿಗೆ ಎದ್ದು ಹೋಯಿತು, ಗೋಧಿಯ ಬೆಲೆ ನೆಲ ಕಚ್ಚಿತು. ಪರಿಹಾರ, ಬಿತ್ತನೆ ಬೀಜ ಹಂಚುವ ಭಾರ ಬಿದ್ದದ್ದು ಆರ್‌ಎಂಗಳ ಮೇಲೆ, ತೆರಿಗೆಯೇ ಬಾರದ ಕಾಲದಲ್ಲಿ. ಪಕ್ಕದ ಆಲ್ಬರ್ಟಾ 1938ರಲ್ಲಿ ಬೇರೆ ದಾರಿ ಹಿಡಿಯಿತು. ದಿವಾಳಿಯಾದ ಒಣ ಸೀಮೆಯ ಸ್ಥಳೀಯ ಆಡಳಿತಗಳನ್ನು ತೆಗೆದು "ಸ್ಪೆಷಲ್ ಏರಿಯಾ" ಅಂತ ಪ್ರಾಂತ್ಯದ ಕೈಗೇ ತಗೊಂಡಿತು. ಸಸ್ಕ್ಯಾಚೆವಾನ್ ಹಾಗೆ ಮಾಡಲಿಲ್ಲ.

ಆರ್‌ಎಂಗಳ ಬಗ್ಗೆ ಅಲ್ಲಿನವರಿಗೆ ಇರುವ ಹೆಮ್ಮೆಗೆ ದೊಡ್ಡ ಕಾರಣ ರಸ್ತೆ ಅಲ್ಲ, ಡಾಕ್ಟರ್. 1915ರಲ್ಲಿ ಸಾರ್ನಿಯಾ ನಂ. 221ರಲ್ಲಿದ್ದ ವೈದ್ಯ ಊರು ಬಿಟ್ಟು ಹೋಗುವ ಯೋಚನೆಯಲ್ಲಿದ್ದರು. ರೈತರ ಕೈಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಮಂಡಳಿ ತೆರಿಗೆ ಹಣದಿಂದ ವರ್ಷಕ್ಕೆ 1,500 ಡಾಲರ್ ಕೊಟ್ಟು ಅವರನ್ನು ಉಳಿಸಿಕೊಂಡಿತು. ಮರುವರ್ಷವೇ ಪ್ರಾಂತ್ಯ ಕಾನೂನು ತಿದ್ದಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಬೇರೆ ಆರ್‌ಎಂಗಳೂ ಹಾಗೇ ಮಾಡಿದವು. ಮೆಕ್‌ಕಿಲಪ್ ಆರ್‌ಎಂನ ರೀವ್ ಮ್ಯಾಥ್ಯೂ ಆಂಡರ್ಸನ್ ವರ್ಷಗಟ್ಟಲೆ ಒತ್ತಾಯ ಮಾಡಿ ಆರೋಗ್ಯ ಯೋಜನೆಗೆ 1939ರಲ್ಲಿ ಕಾನೂನು ತರಿಸಿದರು. ಪಿಟ್‌ವಿಲ್ ಆರ್‌ಎಂನ ಕಾರ್ಯದರ್ಶಿ ವಿಲಿಯಂ ಬ್ಯೂರಾಕ್ ನೆರೆಯ ಮಂಡಳಿಗಳ ಬೆನ್ನು ಹತ್ತಿದರು. 1946ರ ಜುಲೈನಲ್ಲಿ ಸ್ವಿಫ್ಟ್ ಕರೆಂಟ್ ಸೀಮೆಯಲ್ಲಿ ಎಲ್ಲರಿಗೂ ಡಾಕ್ಟರ್, ಎಲ್ಲರಿಗೂ ಆಸ್ಪತ್ರೆ ಅನ್ನುವ ಯೋಜನೆ ಶುರುವಾಯಿತು. 1962ರಲ್ಲಿ ಇಡೀ ಪ್ರಾಂತ್ಯಕ್ಕೆ ಅದೇ ಬಗೆಯ ಯೋಜನೆ ಬಂದಾಗ ವೈದ್ಯರು 23 ದಿನ ಮುಷ್ಕರ ಮಾಡಿದರು. ಕೊನೆಗೆ ಅದೇ ಇಡೀ ಕೆನಡಾಕ್ಕೆ ಮಾದರಿಯಾಯಿತು.

ಈ ಕಥೆಯನ್ನು ಚಿಕ್ಕ ಆಡಳಿತದ ಪರ ಇರುವವರು ಮತ್ತೆ ಮತ್ತೆ ಹೇಳುತ್ತಾರೆ. ನಿಜ, ಆದರೆ ಅರ್ಧ ನಿಜ. ಸ್ವಿಫ್ಟ್ ಕರೆಂಟ್ ಯೋಜನೆ ಗೆದ್ದದ್ದು ಹಲವು ಆರ್‌ಎಂಗಳು ಒಟ್ಟಿಗೆ ಬಂದಿದ್ದರಿಂದ ಅಲ್ವಾ? ಕೆಲಸಕ್ಕೆ ಕೈ ಜೋಡಿಸಿದರು, ಗಡಿ ಅಳಿಸಲಿಲ್ಲ. ಇಂದಿಗೂ ಅವರು ಹಿಡಿದಿರುವುದು ಆ ಪಟ್ಟನ್ನೇ.

ಶಾಲೆಗಳ ವಿಷಯದಲ್ಲಿ ಹಾಗಾಗಲಿಲ್ಲ. 1944ರಲ್ಲಿ ಬಂದ ಟಾಮಿ ಡಗ್ಲಸ್ ಅವರ ಪ್ರಾಂತ್ಯ ಸರ್ಕಾರ ಒಂದೊಂದೇ ಕೋಣೆಯ ಶಾಲೆಗಳ ಜಿಲ್ಲೆಗಳನ್ನು ಸೇರಿಸಿ ದೊಡ್ಡ ಘಟಕ ಮಾಡಿತು. ಆಮೇಲೆ ಹಳ್ಳಿಯ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಆರ್‌ಎಂಗಳನ್ನೂ ಸೇರಿಸೋಣ ಅನ್ನುವ ಸಲಹೆ 1960ರ ದಶಕದ ಶುರುವಿನಲ್ಲಿ ಬಂದಾಗ ಜನ ಬೆಚ್ಚಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. 2000ದಲ್ಲಿ ಜೋಸೆಫ್ ಗಾರ್ಸಿಯಾ ನೇತೃತ್ವದ ಕಾರ್ಯಪಡೆ ಮತ್ತೆ ಅದನ್ನೇ ಹೇಳಿತು. ಆರ್‌ಎಂಗಳ ಸಂಘ ಸಿಡಿದೆದ್ದಿತು. ಸರ್ಕಾರ ಹಿಂದೆ ಸರಿಯಿತು. ಪಕ್ಕದ ಮ್ಯಾನಿಟೋಬಾ ಪ್ರಾಂತ್ಯ ಮಾತ್ರ ಬಗ್ಗಲಿಲ್ಲ. ಸಾವಿರಕ್ಕಿಂತ ಕಡಿಮೆ ಜನ ಇದ್ದರೆ ವಿಲೀನ ಆಗಲೇಬೇಕು ಅಂತ ಕಾನೂನು ಮಾಡಿ, 2015ರ ಜನವರಿಯಿಂದ 197 ಇದ್ದ ಮುನಿಸಿಪಾಲಿಟಿಗಳನ್ನು 137ಕ್ಕೆ ಇಳಿಸಿತು.

ತಲೆ ಎಣಿಸಿ ನಿರ್ಧರಿಸುವುದು ಸರಿಯಾದ ಅಳತೆ ಅಂತ ನನಗನಿಸುವುದಿಲ್ಲ. ಜನ ಊರು ಬಿಟ್ಟರೂ ರಸ್ತೆ ಕಮ್ಮಿಯಾಗುವುದಿಲ್ಲ. ಉಳಿದ ರೈತರು ಬಿಟ್ಟುಹೋದವರ ಜಮೀನೂ ಸೇರಿಸಿ ಬಿತ್ತುತ್ತಾರೆ. ಧಾನ್ಯ ಅಷ್ಟೇ ಬರುತ್ತದೆ, ಜಾಸ್ತಿಯೂ ಬರುತ್ತದೆ. 1995ರಲ್ಲಿ ರೈಲಿನ ಅಗ್ಗದ ಸಾಗಣೆ ದರ ನಿಂತ ಮೇಲೆ ಕವಲು ಹಳಿಗಳು ಮುಚ್ಚುತ್ತಾ ಹೋದವು. ಊರೂರಿನ ಮರದ ಧಾನ್ಯ ಗೋದಾಮುಗಳನ್ನು ಕೆಡವಿದರು. ಈಗ ಅದೇ ಗೋಧಿ ದೊಡ್ಡ ಲಾರಿಗಳಲ್ಲಿ ಬಹಳ ದೂರ ಹೋಗುತ್ತದೆ. ಹಾಳಾಗುವುದು ಆರ್‌ಎಂನ ಜಲ್ಲಿ ರಸ್ತೆ. ಎರಡು ಆರ್‌ಎಂ ಸೇರಿಸಿದರೆ ರಸ್ತೆಯೂ ಎರಡು ಪಟ್ಟು. ಉಳಿಯುವುದು ಕಚೇರಿಯ ಖರ್ಚು ಮಾತ್ರ, ಅದು ಮೊದಲೇ ಸಣ್ಣದು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆರ್‌ಎಂನಲ್ಲಿ ವಾಸ ಇಲ್ಲದಿದ್ದರೂ ಜಮೀನು ಇದ್ದವರಿಗೆ ವೋಟು ಇದೆ. ಪಟ್ಟಣದಲ್ಲಿ ಮನೆ ಮಾಡಿಕೊಂಡು ಹೊಲ ನೋಡಿಕೊಳ್ಳುವವರು ಜನಗಣತಿಯಲ್ಲಿ ಇಲ್ಲಿ ಕಾಣುವುದಿಲ್ಲ, ತೆರಿಗೆ ಪಟ್ಟಿಯಲ್ಲಿ ಕಾಣುತ್ತಾರೆ.

ಹಾಗಂತ ಎಲ್ಲ ಹಾಗೇ ನಿಂತಿಲ್ಲ. ಆರ್‌ಎಂ ಮತ್ತು ಪಕ್ಕದ ಹಳ್ಳಿ ಒಂದೇ ಕಚೇರಿ, ಒಬ್ಬರೇ ಆಡಳಿತಾಧಿಕಾರಿ ಇಟ್ಟುಕೊಳ್ಳುವುದು ಅಲ್ಲಿ ಮಾಮೂಲು. ಬೆಂಕಿ ಆರಿಸುವ ವಾಹನ, ಕಸದ ವಿಲೇವಾರಿಯಂಥ ಕೆಲಸಕ್ಕೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಬೇಕಾದವರು ತಾವಾಗಿಯೇ ವಿಲೀನ ಆಗಲು ಕಾನೂನಿನಲ್ಲಿ ಅವಕಾಶ ಇದೆ. ಅದನ್ನು ಬಳಸಿಕೊಂಡ ಆರ್‌ಎಂಗಳು ತೀರಾ ಕಡಿಮೆ.