ಗೆಲ್ಲುವುದು ಪಂದ್ಯವನ್ನು, ಎದುರಾಳಿಯನ್ನಲ್ಲ

ಇಂಗ್ಲಿಷ್ ಪತ್ರಿಕೆಯ ಕ್ರೀಡಾ ಪುಟಕ್ಕೆ ಬರುವ ವರದಿಗಳನ್ನು ತಿದ್ದುವುದು ನನ್ನ ಕಸುಬು. ಹೊಸದಾಗಿ ಸೇರಿದವರ ಕಾಪಿಯಲ್ಲಿ 'ಇಂಡಿಯಾ ವನ್ ಆಸ್ಟ್ರೇಲಿಯಾ ಬೈ ಸಿಕ್ಸ್ ವಿಕೆಟ್ಸ್' ಎಂಬಂಥ ಸಾಲುಗಳನ್ನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಬರೆದವರನ್ನು ದೂರಿ ಫಲವಿಲ್ಲ. ನಮ್ಮ 'ಗೆಲ್ಲು' ಧಾರಾಳಿ: ಪಂದ್ಯವನ್ನೂ ಗೆಲ್ಲುತ್ತೇವೆ, ಹಗೆಯನ್ನೂ ಗೆಲ್ಲುತ್ತೇವೆ. ಇಂಗ್ಲಿಷಿನ 'ವಿನ್' ಹಾಗಲ್ಲ. ಅದಕ್ಕೆ ಪಂದ್ಯ, ಸರಣಿ, ಕಪ್, ಕೊನೆಗೆ ಟಾಸ್ ಆದರೂ ಬೇಕು. ಮುಂದೆ ಎದುರಾಳಿಯ ಹೆಸರು ಬಂದರೆ 'ಬೀಟ್' ಅಥವಾ 'ಡಿಫೀಟ್' ಎನ್ನಬೇಕು. 'ಬೀಟ್'ಗೆ ಭೂತಕಾಲದಲ್ಲೂ ಅದೇ ರೂಪ. 'ಬೀಟೆಡ್' ಎಂದು ಬರೆದವರನ್ನು ಮಾತ್ರ ನಾನು ಸುಲಭಕ್ಕೆ ಕ್ಷಮಿಸುವುದಿಲ್ಲ.

ತಂಡ ಏಕವಚನವೋ ಬಹುವಚನವೋ ಎಂಬ ಜಗಳ ಹಳೆಯದು. ಬ್ರಿಟಿಷ್ ರೂಢಿಯಲ್ಲಿ ಮೈದಾನಕ್ಕಿಳಿದ ಇಂಗ್ಲೆಂಡ್ 'ಆರ್', ಭೂಪಟದ ಮೇಲಿನ ಇಂಗ್ಲೆಂಡ್ 'ಈಸ್'. ಅಮೆರಿಕದವರು ಬೇಸ್‌ಬಾಲ್ ತಂಡವನ್ನು ಊರಿನ ಹೆಸರಿನಿಂದ ಕರೆದಾಗ 'ಬೋಸ್ಟನ್ ಈಸ್' ಎನ್ನುತ್ತಾರೆ, ಅದೇ ತಂಡವನ್ನು ಅದರ ಬಹುವಚನದ ಹೆಸರಿನಿಂದ ಕರೆದಾಗ 'ರೆಡ್ ಸಾಕ್ಸ್ ಆರ್'. ಯಾವ ರೂಢಿಯನ್ನಾದರೂ ಹಿಡಿಯಿರಿ, ಒಂದೇ ವರದಿಯಲ್ಲಿ ಎರಡನ್ನೂ ಬೆರೆಸಬೇಡಿ.

ಹೆಚ್ಚು ಎಡವುವುದು 'ಟೈ' ಮತ್ತು 'ಡ್ರಾ'ಗಳ ನಡುವೆ. ಎರಡಕ್ಕೂ 'ಸಮಬಲ' ಎಂದು ಕೈತೊಳೆದುಕೊಳ್ಳುವ ಅಭ್ಯಾಸ ಇದಕ್ಕೆ ಮೂಲ. ಟೆಸ್ಟ್ ಪಂದ್ಯ ಟೈ ಆಗಲು ರನ್ ಸಮವಾದರೆ ಸಾಲದು, ಕೊನೆಯಲ್ಲಿ ಆಡುವ ತಂಡ ಆಲೌಟ್ ಆಗಿರಬೇಕು. 1986ರಲ್ಲಿ ಮದ್ರಾಸಿನಲ್ಲಿ ಆಸ್ಟ್ರೇಲಿಯಾ ಎದುರು ಭಾರತಕ್ಕೆ 348 ರನ್ ಬೇಕಿತ್ತು. 347ರಲ್ಲಿ, ಇನ್ನೊಂದು ಎಸೆತ ಬಾಕಿಯಿರುವಾಗ, ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು ಆದರು. ಅದು ಟೈ. 2011ರಲ್ಲಿ ಮುಂಬೈಯಲ್ಲಿ ವೆಸ್ಟ್ ಇಂಡೀಸ್ ಎದುರು ಗುರಿ 243. ಕೊನೆಯ ಎಸೆತದಲ್ಲಿ ಎರಡನೇ ರನ್ನಿಗೆ ಓಡಿದ ಅಶ್ವಿನ್ ರನೌಟ್ ಆದಾಗ ಭಾರತ 9 ವಿಕೆಟ್‌ಗೆ 242. ರನ್ನೇನೋ ಸಮ, ಆದರೆ ಇನ್ನೊಂದು ವಿಕೆಟ್ ಉಳಿದಿತ್ತು, ಎಸೆತ ಮುಗಿದಿತ್ತು. ಆದ್ದರಿಂದ ಡ್ರಾ. ಇಲ್ಲಿ 'ಟೈ' ಎಂದು ಬರೆದರೆ ಅದು ಪದದ ತಪ್ಪಲ್ಲ, ಫಲಿತಾಂಶವೇ ತಪ್ಪು.

ಕ್ರಿಕೆಟ್ ದಾಟಿದರೆ ಇನ್ನೂ ಮೋಜು. ಡೇವಿಸ್ ಕಪ್ ಟೆನಿಸ್‌ನಲ್ಲಿ ಎರಡು ದೇಶಗಳ ಇಡೀ ಮುಖಾಮುಖಿಗೇ 'ಟೈ' ಎಂದು ಹೆಸರು. ಇದನ್ನರಿಯದ ತರಬೇತಿ ವರದಿಗಾರನೊಬ್ಬ ಒಂದು ರಾತ್ರಿ, ಸುದ್ದಿಸಂಸ್ಥೆಯ ಕಾಪಿ ಹಿಡಿದು ನನ್ನ ಮೇಜಿಗೆ ಬಂದ: "ಸರ್, ಇಲ್ಲಿ 'ವನ್ ದ ಟೈ' ಎಂದಿದೆ. ಟೈ ಆದ ಮೇಲೆ ಗೆದ್ದದ್ದು ಹೇಗೆ?"